ಸುಟ್ಟ ಪುಸ್ತಕ, ಉಳಿದ ಸೊಪ್ಪು

ಮೆರಿಡಾ ನಗರದಿಂದ ದಕ್ಷಿಣಕ್ಕೆ ಹೊರಡುವ ವ್ಯಾನು ಊರೂರಿಗೆ ನಿಂತು, ಜನರನ್ನು ಹತ್ತಿಸಿ ಇಳಿಸಿ, ಮಾನಿ ಎಂಬ ಊರು ತಲುಪುವಾಗ ಬಿಸಿಲು ನೆತ್ತಿಗೇರಿರುತ್ತದೆ. ದೂರ ಸುಮಾರು 100 ಕಿಲೋಮೀಟರ್. ಮೆಕ್ಸಿಕೊ ದೇಶದ ಯುಕಾಟಾನ್ ಪರ್ಯಾಯದ್ವೀಪದ ಈ ಭಾಗದಲ್ಲಿ ಎಷ್ಟು ದೂರ ಹೋದರೂ ಒಂದು ಹೊಳೆ ಅಡ್ಡ ಬರುವುದಿಲ್ಲ. ನೆಲವೆಲ್ಲ ಸುಣ್ಣಕಲ್ಲು. ಬಿದ್ದ ಮಳೆ ಕಲ್ಲಿನ ಬಿರುಕುಗಳಲ್ಲಿ ಇಂಗಿ ನೆಲದಡಿಯ ಗುಹೆಗಳಲ್ಲಿ ಹರಿಯುತ್ತದೆ. ಗುಹೆಯ ಚಾವಣಿ ಕುಸಿದ ಕಡೆ ಮಾತ್ರ ನೀರು ಕಣ್ಣಿಗೆ ಬೀಳುತ್ತದೆ. ಆ ಹೊಂಡಗಳಿಗೆ ಅಲ್ಲಿಯವರು ಸೆನೋಟೆ ಎನ್ನುತ್ತಾರೆ. ಕಲ್ಲಿನ ಮೇಲೆ ತೆಳ್ಳನೆಯ ಕೆಂಪು ಮಣ್ಣು, ಮಣ್ಣಿನ ಮೇಲೆ ಕುರುಚಲು ಕಾಡು, ಕಾಡು ಕಡಿದು ಸುಟ್ಟ ಜಾಗದಲ್ಲಿ ಮೆಕ್ಕೆಜೋಳ. ಇಂಥ ಬಡ ನೆಲದಲ್ಲಿ ಮಾಯಾ ಜನ ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಊರು ಕಟ್ಟಿ, ಗುಡಿ ಕಟ್ಟಿ, ಗ್ರಹಗಳ ಲೆಕ್ಕವಿಟ್ಟು ಬಾಳಿದ್ದಾರೆ. ಇಂದಿಗೂ ಮೆಕ್ಸಿಕೊದಲ್ಲಿ 7 ಲಕ್ಷಕ್ಕೂ ಹೆಚ್ಚು ಮಂದಿ ಯುಕಾಟಾನಿನ ಮಾಯಾ ಭಾಷೆ ಆಡುತ್ತಾರೆ. ಉಶ್ಮಾಲ್, ಚಿಚೆನ್ ಇಟ್ಸಾಗಳ ಪಿರಮಿಡ್ಡುಗಳಿಗೆ ಬಸ್ಸುಗಟ್ಟಲೆ ಜನ ಹೋಗುತ್ತಾರೆ. ನಾನು ಮಾನಿಗೆ ಹೋದದ್ದು ಒಂದು ಗಿಡವನ್ನು ಅದರ ತವರಿನಲ್ಲಿ ನೋಡಬೇಕೆಂದು.

ಊರ ನಡುವೆ ಸೇಂಟ್ ಮೈಕೆಲ್ ಹೆಸರಿನ ದೊಡ್ಡ ಮಠ. ಸ್ಪೇನಿನ ಫ್ರಾನ್ಸಿಸ್ಕನ್ ಪಾದ್ರಿಗಳು 1549ರಲ್ಲಿ ಕಟ್ಟಿಸಿದ್ದು. ದಪ್ಪ ಗೋಡೆ, ಕಿಟಕಿ ಕಮ್ಮಿ, ಎದುರಿಗೆ ವಿಶಾಲವಾದ ಅಂಗಳ. 1562ರ ಜುಲೈ 12ರಂದು ದಿಯೆಗೊ ದೆ ಲಾಂಡಾ ಎಂಬ ಪಾದ್ರಿ ಈ ಊರಿನಲ್ಲಿ ಮಾಯಾ ಜನರ ದೇವರ ಮೂರ್ತಿಗಳನ್ನೂ ಚಿತ್ರಲಿಪಿಯ ಪುಸ್ತಕಗಳನ್ನೂ ರಾಶಿ ಹಾಕಿ ಸುಡಿಸಿದ. ಹಳೆಯ ದೇವರನ್ನು ಬಿಡದವರಿಗೆ ಚಿತ್ರಹಿಂಸೆಯಾಯಿತು. ಅತ್ತಿಯ ಜಾತಿಯ ಮರದ ತೊಗಟೆಯಿಂದ ಹಾಳೆ ಮಾಡಿ, ಸುಣ್ಣ ಬಳಿದು, ಬಣ್ಣದಲ್ಲಿ ಬರೆದ ಪುಸ್ತಕಗಳು ಅವು. ಆ ಕಾಲದ ಮಾಯಾ ಪುಸ್ತಕಗಳಲ್ಲಿ ಇಂದು ಜಗತ್ತಿನಲ್ಲಿ ಉಳಿದಿರುವುದು ನಾಲ್ಕು. ಡ್ರೆಸ್ಡೆನ್, ಮ್ಯಾಡ್ರಿಡ್, ಪ್ಯಾರಿಸ್ಸುಗಳಲ್ಲಿ ಒಂದೊಂದು, ಮೆಕ್ಸಿಕೊ ನಗರದಲ್ಲಿ ಒಂದು. ನಾಲ್ಕರಲ್ಲೂ ಇರುವುದು ಪಂಚಾಂಗ, ಗ್ರಹಗತಿ, ಪೂಜಾವಿಧಿ. ಮದ್ದಿನ ಗಿಡಗಳ ಬಗ್ಗೆ, ಸೊಪ್ಪುಸದೆಯ ಬಗ್ಗೆ ಮಾಯಾ ಬರಹಗಾರರು ಏನಾದರೂ ಬರೆದಿದ್ದರೆ ಅದು ಇಂಥ ಬೆಂಕಿಗಳಲ್ಲಿ ಹೋಗಿದೆ.

ಲಾಂಡಾನ ಅತಿರೇಕಕ್ಕೆ ದೂರು ಹೋಗಿ ಅವನು ಸ್ಪೇನಿನಲ್ಲಿ ವಿಚಾರಣೆ ಎದುರಿಸಬೇಕಾಯಿತು. ಅಲ್ಲಿದ್ದಾಗ, 1566ರ ಸುಮಾರಿಗೆ, ಯುಕಾಟಾನಿನ ಜನ, ಆಚಾರ, ನೆಲ, ಗಿಡಮರಗಳ ಬಗ್ಗೆ ಉದ್ದನೆಯ ವರದಿ ಬರೆದ. ಅದರ ಒಂದು ಪ್ರತಿ ಬಹಳ ಕಾಲ ಮೂಲೆಯಲ್ಲಿ ಬಿದ್ದಿದ್ದು, 1862ರಲ್ಲಿ ಮ್ಯಾಡ್ರಿಡ್ಡಿನಲ್ಲಿ ಬ್ರಾಸರ್ ದ ಬೂರ್ಬೂರ್ ಎಂಬ ಫ್ರೆಂಚ್ ಪಾದ್ರಿಯ ಕಣ್ಣಿಗೆ ಬಿತ್ತು. ಆ ವರದಿಯಲ್ಲಿ ಒಂದು ಚಿಕ್ಕ ಗಿಡದ ಸಂಗತಿ ಬರುತ್ತದೆ. ಇಲ್ಲಿಯ ಜನ ಎಲ್ಲಿ ಹೋಗಿ ನೆಲೆಸಿದರೂ ಕೂಡಲೇ ಅದನ್ನು ನೆಡುತ್ತಾರೆ, ಎಲೆಯನ್ನು ಕೋಸಿನಂತೆ ಬೇಯಿಸಿ ಉಣ್ಣುತ್ತಾರೆ, ವರ್ಷವಿಡೀ ಕೊಯ್ಯಲು ಎಲೆ ಇರುತ್ತದೆ ಎಂದು ಅವನು ಬರೆದಿದ್ದಾನೆ. ಗಿಡ ಬಲ್ಲವರು ಅದನ್ನು ಚಾಯಾ ಎಂದು ಗುರುತಿಸಿದ್ದಾರೆ. ಒಂದು ಜನಾಂಗದ ಪುಸ್ತಕ ಸುಡಿಸಿದವನೇ ಆ ಜನರ ಹಿತ್ತಿಲಿನ ಸೊಪ್ಪನ್ನು ದಾಖಲಿಸಿದ್ದಾನೆ. ಮಠದ ಅಂಗಳದಲ್ಲಿ ನಿಂತಾಗ ನನಗೆ ಇದೇ ಮತ್ತೆ ಮತ್ತೆ ನೆನಪಾಗುತ್ತಿತ್ತು. ಅಲ್ಲಿಂದ ಎರಡು ಬೀದಿ ದಾಟಿದರೆ, ಕಲ್ಲಿನ ಮೇಲೆ ಕಲ್ಲು ಪೇರಿಸಿದ ಗಾರೆಯಿಲ್ಲದ ಪಾಗಾರಗಳ ಮೇಲಿಂದ ಅದೇ ಗಿಡ ಹಸಿರಾಗಿ ಇಣುಕುತ್ತದೆ.

ನಾನು ಹೋದ ಮನೆಯ ಯಜಮಾನಿ ಎಪ್ಪತ್ತು ದಾಟಿದ ಅಜ್ಜಿ. ಮನೆಮಂದಿಯೆಲ್ಲ ಆಕೆಯನ್ನು ಚೀಚ್ ಎನ್ನುತ್ತಾರೆ. ಮಾಯಾ ಮಾತಿನಲ್ಲಿ ಅಜ್ಜಿಯನ್ನು ಕರೆಯುವುದೇ ಹಾಗೆ. ಮೆರಿಡಾದಲ್ಲಿ ನರ್ಸಿಂಗ್ ಓದುತ್ತಿದ್ದ ಮೊಮ್ಮಗಳು ನನ್ನನ್ನು ಕರೆದುಕೊಂಡು ಹೋಗಿದ್ದಳು. ಅಜ್ಜಿಯ ಮಾಯಾ ಮಾತನ್ನು ಆಕೆ ಇಂಗ್ಲಿಷಿಗೆ ತಂದು ಹೇಳುವಳು. ತಾಳೆಗರಿ ಹೊದೆಸಿದ, ಮೂಲೆಗಳಿಲ್ಲದ ಉದ್ದುರುಟಿನ ಮನೆ. ಅದರ ಹಿಂದೆ ಹಿತ್ತಿಲು. ಹುಳಿ ಕಿತ್ತಳೆ, ಪಪ್ಪಾಯ, ರಾಮೋನ್ ಮರ, ಊಟಕ್ಕೆ ಕೆಂಬಣ್ಣ ಕೊಡುವ ಅಚಿಯೋಟೆ, ಕಾಲು ನೆಟ್ಟು ಎತ್ತರಿಸಿದ ಅಟ್ಟಣಿಗೆಯ ಮೇಲೆ ಕೊತ್ತಂಬರಿ, ಈರುಳ್ಳಿ. ಕೋಳಿ, ಟರ್ಕಿ ಕೋಳಿ ಕೆದರದ ಹಾಗೆ ಆ ಅಟ್ಟಣಿಗೆ. ಅಡುಗೆಮನೆಗೆ ತಾಗಿದಂತೆ ಚಾಯಾ.

ಆಳೆತ್ತರ ಮೀರಿ ಬೆಳೆದ ಪೊದೆ ಅದು. ಎಲೆ ಪಪ್ಪಾಯದ ಎಲೆಯ ಹಾಗೆ ಸೀಳಿದೆ, ಆದರೆ ಅಂಗೈಯಷ್ಟೇ ಅಗಲ. ತೊಟ್ಟು ಉದ್ದ. ತೊಟ್ಟು ಎಲೆಗೆ ಕೂಡುವಲ್ಲಿ ಗುಂಡುಸೂಜಿಯ ತಲೆಯಷ್ಟು ದಪ್ಪದ ಒಂದು ಗಂಟು. ಕುಡಿಯ ತುದಿಯಲ್ಲಿ ನೀಳವಾದ ಕಾಂಡದ ಮೇಲೆ ಬಿಳಿ ಹೂವಿನ ಪುಟ್ಟ ಗೊಂಚಲು, ಅದರ ಮೇಲೆ ಜೇನುಹುಳ. ಎಲೆ ಚಿವುಟಿದರೆ ಹಾಲಿನಂಥ ಸೊನೆ. ಬಿಸಿಲಿಗೆ ಹಿಡಿದು ಓರೆಯಾಗಿ ನೋಡಿದರೆ ತೊಟ್ಟಿನ ಮೇಲೂ ಎಲೆಯಂಚಿನಲ್ಲೂ ಅಲ್ಲೊಂದು ಇಲ್ಲೊಂದು ಬೆಳ್ಳಗಿನ ಮುಳ್ಳುಕೂದಲು ಹೊಳೆಯುತ್ತದೆ. ಚರ್ಮಕ್ಕೆ ತಾಗಿದರೆ ಉರಿ, ಬೊಬ್ಬೆ. ಕಾಡಿನ ಚಾಯಾಕ್ಕೆ ಮೈಯೆಲ್ಲ ಇಂಥ ಕೂದಲು. ಮನೆಯದಕ್ಕೆ ಅಷ್ಟಿಲ್ಲ.

ಕೊಯ್ಯುವ ಮೊದಲು ಅಜ್ಜಿ ಗಿಡದೆದುರು ನಿಂತು ಮೆಲ್ಲನೆ ಏನೋ ಹೇಳಿದರು. ಏನು ಹೇಳಿದಿರಿ ಅಜ್ಜೀ ಎಂದು ಕೇಳಿದೆ. “ಅಪ್ಪಣೆ ಕೇಳಿದೆ ಮಗಾ. ಮನೆಗೆ ನೆಂಟರು ಬಂದಿದ್ದಾರೆ, ನಾಲ್ಕು ಎಲೆ ತೆಗೀತೇನೆ ಅಂತ. ಕೇಳದೆ ಕಿತ್ತರೆ ಅದು ಕಚ್ಚುತ್ತದೆ” ಎಂದರು. ಯುಕಾಟಾನಿನ ಎಷ್ಟೋ ಊರುಗಳಲ್ಲಿ ಈ ನಂಬಿಕೆಯಿದೆ. ನಾನು ಅಜ್ಜಿಯ ಕೈಯನ್ನೇ ನೋಡುತ್ತಿದ್ದೆ. ಎಡಗೈಯಲ್ಲಿ ಗೆಲ್ಲನ್ನು ಅಲುಗಾಡದ ಹಾಗೆ ಹಿಡಿದು, ಬಲಗೈಯ ಚಾಕುವಿನಿಂದ ತೊಟ್ಟನ್ನು ಬುಡದಲ್ಲಿ ಕೊಯ್ದು, ಎಲೆ ಮೈಗೆ ತಾಗದಂತೆ ಬುಟ್ಟಿಗೆ ಇಳಿಸುತ್ತಿದ್ದರು. ಒಂದೇ ಗೆಲ್ಲಿನಿಂದ ಎಲ್ಲ ಎಲೆ ತೆಗೆಯಲಿಲ್ಲ. ಅರ್ಧಕ್ಕಿಂತ ಹೆಚ್ಚು ಕೊಯ್ದರೆ ಗಿಡ ಸೊರಗುತ್ತದೆ ಎಂದರು. ಅಪ್ಪಣೆ ಕೇಳಲು ಒಂದು ಗಳಿಗೆ ನಿಲ್ಲುವವರು ಅವಸರದಲ್ಲಿ ಕೈ ಹಾಕುವುದಿಲ್ಲ, ಬೇಕಾದ್ದಕ್ಕಿಂತ ಹೆಚ್ಚು ಕೀಳುವುದಿಲ್ಲ. ಮಕ್ಕಳಿಗೆ ಇದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ತಿಳಿಯದು.

ಚಾಯಾ ನಮ್ಮ ಮರಗೆಣಸು, ಹರಳುಗಿಡಗಳ ಕುಟುಂಬಕ್ಕೆ ಸೇರಿದ್ದು. ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರು ನಿಡೋಸ್ಕೋಲಸ್ ಅಕೋನಿಟಿಫೋಲಿಯಸ್. ಮಾಯಾ ಜನ ಕಾಡಿನ ಗಿಡಗಳಲ್ಲಿ ಮುಳ್ಳುಕೂದಲು ಕಡಿಮೆಯಿದ್ದದ್ದನ್ನು, ಎಲೆ ಅಗಲವಿದ್ದದ್ದನ್ನು ಆರಿಸಿ, ಅದರ ಕಡ್ಡಿ ನೆಟ್ಟು, ತಲೆಮಾರುಗಳ ಮೇಲೆ ಪಳಗಿಸಿದರು. ಜೆಫ್ರಿ ರಾಸ್-ಇಬಾರಾ ಮತ್ತು ಆಲ್ವಾರೊ ಮೊಲಿನಾ-ಕ್ರೂಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಊರಿನಲ್ಲಿ ಬೆಳೆಯುವ ನಾಲ್ಕು ತಳಿಗಳನ್ನು ಗುರುತಿಸಿದ್ದಾರೆ: ಎಸ್ತ್ರೆಯಾ, ಪಿಕೂಡಾ, ರೆದೋಂಡಾ, ಚಾಯಾಮನ್ಸಾ. ನಾಲ್ಕರಲ್ಲಿ ಹೆಚ್ಚು ಪಳಗಿದ್ದು ಚಾಯಾಮನ್ಸಾ. ಅದು ಹೂ ಬಿಟ್ಟರೂ ಕಾಯಿ ಕಟ್ಟುವುದು ತೀರಾ ಅಪರೂಪ. ಮನುಷ್ಯರು ಕಡ್ಡಿ ಕಡಿದು, ಸೊನೆ ಆರುವವರೆಗೆ ನೆರಳಲ್ಲಿಟ್ಟು ನೆಟ್ಟರೆ ಮಾತ್ರ ಅದರ ವಂಶ ಮುಂದುವರಿಯುತ್ತದೆ. ಇಂದಿನ ಒಂದೊಂದು ಗಿಡವೂ ಹಿಂದಿನ ಗಿಡವೊಂದರ ತುಂಡು. ಅಜ್ಜಿಯ ಗಿಡ ಅವರ ತಾಯಿಮನೆಯಿಂದ ಬಂದದ್ದು, ತಾಯಿಯದು ಅವರ ತಾಯಿಯಿಂದ. ಹೀಗೆ ಹಿಂದಕ್ಕೆ ಹೋದರೆ ಲಾಂಡಾ ಕಂಡ ಕಾಲದ ಗಿಡದವರೆಗೂ ಈ ಸಾಲು ಎಲ್ಲೂ ಕಡಿಯದೆ ಬಂದಿರಬೇಕು. ನಾಲ್ಕೂವರೆ ಶತಮಾನದಲ್ಲಿ ಯಾರಾದರೂ ಒಬ್ಬ ಹೆಂಗಸು ಇದೆಲ್ಲ ಯಾಕೆ ಎಂದು ಬೇಸತ್ತಿದ್ದರೆ ಆ ಮನೆಯ ಸಾಲು ಅಲ್ಲಿಗೆ ಮುಗಿಯುತ್ತಿತ್ತು.

ಅಡುಗೆಮನೆಯಲ್ಲಿ ಮೂರು ಕಲ್ಲಿನ ಒಲೆ. ಹಿಂದಿನ ರಾತ್ರಿಯೇ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಕುದಿಸಿ ನೆನೆಯಿಟ್ಟಿದ್ದರು. ಬೆಳಿಗ್ಗೆ ಸಿಪ್ಪೆ ತೊಳೆದು ಊರ ಗಿರಣಿಯಲ್ಲಿ ಹಿಟ್ಟು ಮಾಡಿಸಿ ತಂದದ್ದು ಬಾಳೆಲೆಯಡಿಯಲ್ಲಿತ್ತು. ಸುಣ್ಣದಲ್ಲಿ ಬೆಂದ ಜೋಳದಿಂದಲೇ ನಯಾಸಿನ್ ಎಂಬ ಜೀವಸತ್ವ ಮೈಗೆ ಸರಿಯಾಗಿ ದಕ್ಕುತ್ತದೆ. ಈ ವಿದ್ಯೆ ಬಿಟ್ಟು ಬರೀ ಜೋಳವನ್ನು ಒಯ್ದ ಯುರೋಪಿನಲ್ಲಿ ಜೋಳವನ್ನೇ ನಂಬಿದ ಬಡವರಿಗೆ ಪೆಲಾಗ್ರಾ ರೋಗ ಬಂತು. ಮಾಯಾ ಅಡುಗೆಮನೆಯಲ್ಲಿ ಕಾಳು ಬೇರೆ, ಅದನ್ನು ಬೇಯಿಸುವ ವಿಧಿ ಬೇರೆ ಅಲ್ಲ. ಚಾಯಾದ ವಿಷಯದಲ್ಲೂ ಹಾಗೆಯೇ.

ಅಜ್ಜಿ ಎಲೆಗಳನ್ನು ತೊಳೆದು, ಕುದಿಯುವ ನೀರಿಗೆ ಹಾಕಿ, ಮುಚ್ಚಳ ಹಾಕದೆ ಬಿಟ್ಟರು. ಮಣ್ಣಿನ ಗಡಿಗೆ. ಚಾಯಾಕ್ಕೆ ಅಲ್ಯೂಮಿನಿಯಂ ಪಾತ್ರೆ ಆಗದು, ಹೊಟ್ಟೆ ಕೆಡುತ್ತದೆ ಎಂಬುದು ಅಲ್ಲಿಯ ಹೆಂಗಸರ ಖಂಡಿತವಾದ ಮಾತು. ಎಲೆ ಕುದಿಯುತ್ತಿದ್ದಷ್ಟು ಹೊತ್ತೂ ಅವರು ಬೇರೆ ಕೆಲಸ ಮಾಡುತ್ತಿದ್ದರು, ಅವಸರ ಮಾಡಲಿಲ್ಲ. ಮರಗೆಣಸಿನ ಹಾಗೆ ಚಾಯಾದ ಹಸಿ ಎಲೆಯಲ್ಲೂ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ. ಎಲೆ ಜಜ್ಜಿದಾಗ, ಅಗಿದಾಗ ಅದು ಒಡೆದು ಹೈಡ್ರೋಜನ್ ಸಯನೈಡ್ ಹುಟ್ಟುತ್ತದೆ. ಅದು ಸುಮಾರು 26 ಡಿಗ್ರಿ ಸೆಲ್ಸಿಯಸ್‌ನಲ್ಲೇ ಆವಿಯಾಗುವ ವಸ್ತು. ಹಾಗಾಗಿ ತೆರೆದ ಪಾತ್ರೆಯಲ್ಲಿ 15ರಿಂದ 20 ನಿಮಿಷ ಚೆನ್ನಾಗಿ ಕುದಿಸಿದರೆ ಹಬೆಯ ಜತೆ ಹೋಗಿಬಿಡುತ್ತದೆ. ಮುಳ್ಳುಕೂದಲೂ ಬೆಂದು ಸಾಯುತ್ತದೆ. ರಸಾಯನಶಾಸ್ತ್ರ ಓದದ ಅಜ್ಜಿಯ ಮುಚ್ಚಳವಿಲ್ಲದ ಗಡಿಗೆಯಲ್ಲಿ ಇದೆಲ್ಲ ಇತ್ತು.

ಬಸಿದ ಎಲೆಯಲ್ಲಿ ಸ್ವಲ್ಪವನ್ನು ಕೊಚ್ಚಿ ಹಿಟ್ಟಿಗೆ ಕಲಸಿದರು. ಹಿಟ್ಟನ್ನು ತಟ್ಟಿ, ಮೇಲೆ ಹುರಿದು ಪುಡಿಮಾಡಿದ ಕುಂಬಳಬೀಜ ಉದುರಿಸಿ, ಬೇಯಿಸಿದ ಮೊಟ್ಟೆಯ ಹೋಳಿಟ್ಟು ಸುರುಳಿ ಸುತ್ತಿದರು. ಅದನ್ನು ಇಡೀ ಚಾಯಾ ಎಲೆಗಳಲ್ಲಿ ಹೊದೆಸಿ, ಬಾಳೆಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸಿದರು. ಇದು ತ್ಸೋತೋಬಿಚಾಯ್. ಮಾಂಸ ಬಿಡುವ ಕ್ರೈಸ್ತರ ವ್ರತದ ದಿನಗಳಲ್ಲಿ ಮನೆಮನೆಯಲ್ಲಿ ಆಗುವ ಅಡುಗೆ. ಕೆಂಡದಲ್ಲಿ ಸುಟ್ಟು ಅರೆದ ಟೊಮೆಟೊ ಗೊಜ್ಜು ಸುರಿದು ತಟ್ಟೆಗೆ ಕೊಟ್ಟಾಗ ನನಗೆ ನಮ್ಮ ಪತ್ರೊಡೆ ಕಣ್ಣಿಗೆ ಕಟ್ಟಿತು. ಕೆಸುವಿನೆಲೆಯ ತುರಿಕೆಯನ್ನು ಹುಣಸೆಹುಳಿಯಿಂದ ಪಳಗಿಸಿದ ನಮ್ಮ ಕರಾವಳಿಯ ಅಜ್ಜಿಯರೂ, ಉರಿಯುವ ಚಾಯಾವನ್ನು ಕುದಿನೀರಿನಿಂದ ಪಳಗಿಸಿದ ಈ ಅಜ್ಜಿಯರೂ ಒಬ್ಬರನ್ನೊಬ್ಬರು ಕಾಣದೆ ಒಂದೇ ಬಗೆಯ ಕೆಲಸ ಮಾಡಿದ್ದಾರೆ. ರುಚಿಯಲ್ಲಿ ಚಾಯಾ ಪಾಲಕಿಗಿಂತ ಗಟ್ಟಿ, ಲೋಳೆಯಿಲ್ಲ, ಕಹಿಯಿಲ್ಲ, ಬೆಂದ ಮೇಲೂ ಎಲೆಗೆ ಮೈಯಿರುತ್ತದೆ. ಸತ್ತ್ವವೂ ಹೆಚ್ಚು. 100 ಗ್ರಾಂ ಹಸಿ ಎಲೆಯಲ್ಲಿ 5ರಿಂದ 6 ಗ್ರಾಂ ಪ್ರೋಟೀನು, ಪಾಲಕಿಗಿಂತ ಎಷ್ಟೋ ಹೆಚ್ಚು. ಸುಣ್ಣಾಂಶ, ಕಬ್ಬಿಣಾಂಶಗಳೂ ಪಾಲಕಿಗಿಂತ ಜಾಸ್ತಿ. ಹಾಲು ಕರೆಯುವ ಹಸುಗಳೇ ಇಲ್ಲದಿದ್ದ ನಾಡಿನಲ್ಲಿ ಜೋಳ, ಅವರೆಯ ಜಾತಿಯ ಕಾಳು, ಕುಂಬಳ ಮತ್ತು ಈ ಸೊಪ್ಪು ಸೇರಿ ಮೈ ಕಾಪಾಡಿದವು.

ಊಟವಾದ ಮೇಲೆ ಮದ್ದಿನ ಮಾತು ಬಂತು. ಚಾಯಾದ ಔಷಧ ಗುಣಗಳ ಪಟ್ಟಿ ಯುಕಾಟಾನಿನಲ್ಲಿ ಬಹಳ ಉದ್ದ. ಮೂತ್ರ ಸಲೀಸಾಗಲು, ಮೂತ್ರಪಿಂಡದ ಕಲ್ಲಿಗೆ, ಮಲಬದ್ಧತೆಗೆ, ಮೂಲವ್ಯಾಧಿಗೆ, ಕಣ್ಣಿನ ತೊಂದರೆಗೆ, ಬೊಜ್ಜು ಇಳಿಸಲು, ಉಗುರು ಗಟ್ಟಿಯಾಗಲು, ಬಾಣಂತಿಗೆ ಹಾಲು ಕೂಡಲು. ಯುಕಾಟಾನಿನ ಲೇಖಕ ಹೋಸೆ ದೀಯಾಸ್ ಬೋಲಿಯೊ 1970ರ ದಶಕದಲ್ಲಿ ಚಾಯಾದ ಬಗ್ಗೆಯೇ ಪುಸ್ತಕ ಬರೆದು ಈ ಮನೆಮದ್ದುಗಳನ್ನೆಲ್ಲ ಒಟ್ಟುಮಾಡಿದರು. ಅದಕ್ಕೂ ಮೊದಲು, 1931ರಲ್ಲಿ, ಅಮೆರಿಕದ ವಿದ್ವಾಂಸ ರಾಲ್ಫ್ ರಾಯ್ಸ್ ಮಾಯಾ ಜನರ ಸಸ್ಯಜ್ಞಾನದ ಬಗ್ಗೆ ದೊಡ್ಡ ಗ್ರಂಥ ಹೊರತಂದಿದ್ದರು. ಪುಸ್ತಕಗಳು ಸುಟ್ಟುಹೋದ ಮೇಲೆ ಮಾಯಾ ವೈದ್ಯರು ಪಾದ್ರಿಗಳಿಂದ ಕಲಿತ ರೋಮನ್ ಲಿಪಿಯಲ್ಲಿ ತಮ್ಮ ಭಾಷೆಯನ್ನು ಬರೆದು ಮದ್ದಿನ ಕೈಬರಹಗಳನ್ನು ಮಾಡಿಕೊಂಡಿದ್ದರು. ರಾಯ್ಸ್ ಆಧಾರ ಮಾಡಿಕೊಂಡದ್ದು ಆ ಕೈಬರಹಗಳನ್ನು. ತಮ್ಮ ಲಿಪಿ ಕಳೆದುಕೊಂಡವರು ಬಂದವರ ಲಿಪಿಯಲ್ಲೇ ತಮ್ಮ ವಿದ್ಯೆಯನ್ನು ಉಳಿಸಿಕೊಂಡರು.

ಇಂದು ಚಾಯಾಕ್ಕೆ ಬೇಡಿಕೆ ಹೆಚ್ಚಿರುವುದು ಸಕ್ಕರೆ ಕಾಯಿಲೆಯಿಂದ. ಮೆಕ್ಸಿಕೊದಲ್ಲಿ ಆ ಕಾಯಿಲೆ ಮನೆಮನೆಯದು. ಹಳ್ಳಿಯ ಅಂಗಡಿಗಳಲ್ಲೂ ಸಿಹಿ ಸೋಡಾದ ದೊಡ್ಡ ದೊಡ್ಡ ಬಾಟಲಿಗಳ ಸಾಲು. ಅದನ್ನು ತಗ್ಗಿಸಲೆಂದೇ ಸರಕಾರ 2014ರಲ್ಲಿ ಸಿಹಿ ಪಾನೀಯಗಳ ಮೇಲೆ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿತು. ಅಜ್ಜಿಗೂ ಸಕ್ಕರೆ ಕಾಯಿಲೆಯಿತ್ತು. ಬೆಳಿಗ್ಗೆ ಚಾಯಾ ಬೇಯಿಸಿದ ನೀರು ಕುಡಿಯುತ್ತಾರೆ, ಆಸ್ಪತ್ರೆಯ ಮಾತ್ರೆಯನ್ನೂ ನುಂಗುತ್ತಾರೆ. ಮೊಮ್ಮಗಳು ಇದನ್ನು ಖಚಿತವಾಗಿ ಹೇಳಿದಳು: “ಅಜ್ಜಿ ಸೊಪ್ಪು ಬಿಟ್ಟರೆ ನನಗೆ ಬೇಸರವಾದೀತು. ಮಾತ್ರೆ ಬಿಟ್ಟರೆ ಮಾತ್ರ ಜಗಳ ಮಾಡುತ್ತೇನೆ.” ಅವಳ ಮಾತು ಸರಿ. ಚಾಯಾ ಸಕ್ಕರೆ ಇಳಿಸುವುದು ಪ್ರಯೋಗಾಲಯದ ಇಲಿಗಳಲ್ಲಿ ಕಂಡಿದೆ. ಮನುಷ್ಯರಲ್ಲಿ ಮಾತ್ರೆಯ ಜಾಗಕ್ಕೆ ಅದನ್ನು ನಿಲ್ಲಿಸುವಂಥ ಪುರಾವೆ ಇಲ್ಲ. ಸೋಡಾ ಬಿಟ್ಟು ಸೊಪ್ಪಿನ ಊಟಕ್ಕೆ ಮರಳಿದರೆ ಮೈಗೆ ಒಳಿತು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಮನೆಗೆಲಸದಲ್ಲೂ ಈ ಗಿಡಕ್ಕೆ ಬಿಡುವಿಲ್ಲ. ಮುಳ್ಳುಕೂದಲು ಹೆಚ್ಚಿರುವ ಜಾತಿಯನ್ನು ಹಿತ್ತಿಲಿನಂಚಿಗೆ ಒತ್ತೊತ್ತಾಗಿ ನೆಟ್ಟರೆ ದನ ನುಗ್ಗದ ಬೇಲಿ. ಬಾಡಿದ, ಬೆಂದ ಎಲೆ ಕೋಳಿಗೂ ಹಂದಿಗೂ ಮೇವು. ಅಗಲ ಎಲೆ ಅಡುಗೆ ಕಟ್ಟಲು ಒದಗುತ್ತದೆ. ಬೇಸಿಗೆಯಲ್ಲಿ ಉಳಿದ ಸೊಪ್ಪೆಲ್ಲ ಒಣಗಿದರೂ ಚಾಯಾ ಹಸಿರಾಗಿಯೇ ಇರುತ್ತದೆ. 2002ರ ಸೆಪ್ಟೆಂಬರಿನಲ್ಲಿ ಇಸಿಡೋರೊ ಚಂಡಮಾರುತ ಯುಕಾಟಾನಿನ ಮೇಲೆ ಎರಗಿದ್ದನ್ನು ಅಜ್ಜಿ ಹೇಳಿದರು. ಜೋಳ ಮಲಗಿತು, ಕಿತ್ತಳೆ ಮರ ಬುಡಮೇಲಾಯಿತು, ಚಾಯಾದ ಗೆಲ್ಲೆಲ್ಲ ಮುರಿದವು. ಮುರಿದ ಗೆಲ್ಲುಗಳನ್ನು ಆಯ್ದು ನೆಲಕ್ಕೆ ಚುಚ್ಚಿದರಂತೆ. ಅಂಗಡಿಯ ಸಾಮಾನು ಊರಿಗೆ ಸರಿಯಾಗಿ ಬರತೊಡಗುವ ಮೊದಲೇ ಅವು ಚಿಗುರಿದ್ದವು.

ಮೆರಿಡಾಕ್ಕೆ ಹಿಂದಿರುಗಿದ ಮೇಲೆ ಲೂಕಾಸ್ ದೆ ಗಾಲ್ವೆಸ್ ಮಾರುಕಟ್ಟೆಯಲ್ಲಿ ತಿರುಗಾಡಿದೆ. ಕಸೂತಿಯ ಬಿಳಿ ಅಂಗಿ ತೊಟ್ಟ ಹೆಂಗಸರು ಹುಳಿ ಕಿತ್ತಳೆ, ಮೆಣಸಿನಕಾಯಿಗಳ ಪಕ್ಕ ಚಾಯಾದ ಕಂತೆ ಇಟ್ಟು ಕೂತಿದ್ದರು. ನಗರದ ಹೋಟೆಲುಗಳಲ್ಲಿ ಚಾಯಾ, ಅನಾನಸು, ಲಿಂಬೆ ಸೇರಿಸಿ ಅರೆದ ಹಸಿರು ಪಾನಕ ಸಿಗುತ್ತದೆ. ಕೆಲವರು ಹಸಿ ಎಲೆಯನ್ನೇ ಹಾಕುತ್ತಾರೆ. ಮಾನಿಯ ಅಜ್ಜಿಯ ಮನೆಯಲ್ಲಿ ಪಾನಕಕ್ಕೂ ಎಲೆ ಮೊದಲು ಕುದಿಯುತ್ತದೆ. ಮಾನಿಯಲ್ಲಿ 1995ರಲ್ಲಿ ಶುರುವಾದ ಊ ಯಿತ್ಸ್ ಕಾನ್ ಎಂಬ ಸಾವಯವ ಕೃಷಿ ಶಾಲೆಯಿದೆ. ಹಿತ್ತಿಲಿನ ಬೆಳೆ, ಕುಟುಕದ ಮಾಯಾ ಜೇನುಹುಳದ ಸಾಕಣೆ, ಮದ್ದಿನ ಗಿಡಗಳು ಅಲ್ಲಿಯ ಪಾಠ. ಪುಸ್ತಕ ಸುಟ್ಟ ಊರಿನಲ್ಲೇ ಆ ತಿಳಿವಳಿಕೆಗೆ ಮತ್ತೆ ಶಾಲೆ ಬಂದಿದೆ.

ಚಾಯಾ ಈಗ ನಮ್ಮ ಕಡೆಗೂ ಬಂದಿದೆ. ಕರಾವಳಿಯ ಹಿತ್ತಿಲುಗಳಲ್ಲಿ, ಬೆಂಗಳೂರಿನ ತಾರಸಿ ತೋಟಗಳಲ್ಲಿ ಚಾಯಾಮನ್ಸಾ ಕಾಣಸಿಗುತ್ತದೆ. ಕಡ್ಡಿ ಕೊಟ್ಟರೆ ಸಾಕು, ಎಲ್ಲಿ ಚುಚ್ಚಿದರೂ ಬದುಕುತ್ತದೆ, ಕೈಯಿಂದ ಕೈಗೆ ಹರಡುತ್ತದೆ. ಆದರೆ ಕಡ್ಡಿ ಬಂದಷ್ಟು ಸಲೀಸಾಗಿ ಅದರ ಜತೆಗಿನ ತಿಳಿವಳಿಕೆ ಬರುವುದಿಲ್ಲ. ಜೋಳ ಯುರೋಪಿಗೆ ಹೋದಾಗ ಸುಣ್ಣದ ವಿದ್ಯೆ ಹಿಂದುಳಿದು ಏನಾಯಿತೆಂದು ಚರಿತ್ರೆ ಹೇಳಿದೆ. ಅದು ಸೊಪ್ಪಿನ ವಿಷಯದಲ್ಲಿ ಮರುಕಳಿಸುವುದು ಬೇಡ. ನಿಮ್ಮ ಹಿತ್ತಿಲಿನಲ್ಲಿ ಚಾಯಾ ಇದ್ದರೆ ಸಂತೋಷದಿಂದ ಬೆಳೆಸಿ, ಉಣ್ಣಿ. ಹಸಿಯಾಗಿ ಅಗಿಯಬೇಡಿ, ಹಸಿ ಎಲೆ ಅರೆದು ರಸ ಕುಡಿಯಬೇಡಿ. ಮುಚ್ಚಳ ತೆಗೆದು, ಅಲ್ಯೂಮಿನಿಯಂ ಅಲ್ಲದ ಪಾತ್ರೆಯಲ್ಲಿ, 20 ನಿಮಿಷ ಕುದಿಸಿ. ಸಕ್ಕರೆ ಕಾಯಿಲೆಯವರು ಇದನ್ನು ನಂಬಿ ಮಾತ್ರೆ ನಿಲ್ಲಿಸಬೇಡಿ. ಇನ್ನೊಬ್ಬರಿಗೆ ಕಡ್ಡಿ ಕೊಡುವಾಗ ಈ ನಾಲ್ಕು ಮಾತನ್ನೂ, ಇದು ಮಾಯಾ ಹೆಂಗಸರು ತಲೆಮಾರುಗಳಿಂದ ಕಾಪಾಡಿ ಕೊಟ್ಟ ಗಿಡ ಎಂಬುದನ್ನೂ ಸೇರಿಸಿ ಕೊಡಿ.